ಮೊದ್ಲು ಅವನನ್ನು ಟೆರೇಸಿಂದ ಇಳಿಸು ಮಗಾ

ಹಾಂ ಮಗಾ, ದೊಡ್ಡಪ್ಪ ಮಾತಾಡುದು. ಎಸಿ 24ರಲ್ಲಿ ಇಟ್ರೂ ರೂಮು ತಣ್ಣಗಾಗುದಿಲ್ಲ, ಗೋಡೆಯಲ್ಲಿ ನೀರು ಇಳೀತಾ ಉಂಟು, ನಿನ್ನ ಗಂಡ ಸ್ಕ್ರೂಡ್ರೈವರ್ ಹಿಡ್ಕೊಂಡು ಟೆರೇಸಿಗೆ ಹೋಗಿದ್ದಾನೆ ಅಂತ ಮೆಸೇಜ್ ಹಾಕಿದ್ದಿ. ಮೊದ್ಲು ಅವನನ್ನು ಇಳಿಸು ಮಾರಾಯ್ತಿ. ಎಸಿಯ ಹೊರಗಿನ ಪೆಟ್ಟಿಗೆ ಬಿಚ್ಲಿಕ್ಕೆ ಬಿಡ್ಬೇಡ.

ನಾವು ಸುರತ್ಕಲ್‌ನಲ್ಲಿ ಇದ್ದಾಗ ನಾನೂ ಹೀಗೇ ಹತ್ತಿದ್ದು. ಮೇ ತಿಂಗಳು, ಲುಂಗಿ ಕಟ್ಟಿ. ಎಂಸಿಬಿ, ಅಂದ್ರೆ ಕರೆಂಟು ಕಟ್ ಮಾಡುವ ಸ್ವಿಚ್ಚು, ಇಳಿಸಿಯೇ ಹೋದದ್ದು, ನಾನೇನು ಹೆಡ್ಡನಾ? ಮುಚ್ಚಳ ತೆಗ್ದೆ. ಒಳಗೆ ಒಂದು ಬೆಳ್ಳಿ ಬಣ್ಣದ ಡಬ್ಬಿ ಇತ್ತು, ಕೆಪಾಸಿಟರ್ ಅಂತೆ. ವಯರು ಸಡಿಲ ಆಗಿದ್ಯಾ ನೋಡುವ ಅಂತ ಸ್ಕ್ರೂಡ್ರೈವರ್ ತಾಗಿಸಿದ್ದೇ ತಾಗಿಸಿದ್ದು, ಪಟ್ ಅಂತ ಕಿಡಿ! ಕೈ ಮೊಣಗಂಟಿನವರೆಗೆ ಜುಂ. ಕರೆಂಟು ತೆಗೆದ್ರೂ ಅದ್ರೊಳಗೆ ಕರೆಂಟು ಕೂತಿರ್ತದೆ. ಹಿಂದೆ ಬಿದ್ದದ್ದು ನಿನ್ನ ದೊಡ್ಡಮ್ಮ ಒಣಗಿಸಿದ್ದ ಹಪ್ಪಳದ ಮೇಲೆ. ನಾನು ಬದುಕಿದ್ದಕ್ಕಿಂತ ಹೆಚ್ಚು ಅವಳು ಹಪ್ಪಳದ ಬಗ್ಗೆಯೇ ಹೇಳುದು. ಆ ಸ್ಕ್ರೂಡ್ರೈವರಿನ ತುದಿ ಈಗಲೂ ಕರಟಿಯೇ ಉಂಟು. ಹಾಗಾಗಿ ಇನ್ನೊಮ್ಮೆ ಹೇಳ್ತೇನೆ, ಹೊರಗಿನ ಪೆಟ್ಟಿಗೆಗೆ ಕೈ ಹಾಕುದು ಬೇಡ.

ಅಲ್ಲ, ನಿಮ್ಗೆ ಎಸಿ ಬೇಕಾದ್ದಾದ್ರೂ ಯಾಕೆ? ಅಜ್ಜನ ಮನೆಯಲ್ಲಿ ಮಣ್ಣಿನ ಗೋಡೆ, ಮೇಲೆ ಮರದ ಮುಚ್ಚಿಗೆ, ಅದ್ರ ಮೇಲೆ ಹಂಚು. ಮಧ್ಯಾಹ್ನ ಚಾಪೆ ಹಾಕಿದ್ರೆ ನಿದ್ದೆ. ಬಾಸೆಲ್ ಮಿಷನ್‌ನ ಪಾದ್ರಿಗಳು 1865ರಲ್ಲಿ ಮಂಗಳೂರಿನ ಜೆಪ್ಪುವಲ್ಲಿ ಶುರು ಮಾಡಿದ ಹಂಚು ಸಮುದ್ರ ದಾಟಿ ಹೋಯ್ತು, ನಮ್ಮ ಮನೆಯವ್ರಿಗೆ ಮಾತ್ರ ಬೇಡಾಯ್ತು. ಕೆಡವಿ ಸ್ಲ್ಯಾಬ್ ಹಾಕುವಾಗ ನನ್ನನ್ನು ಒಂದು ಮಾತು ಕೇಳಿದ್ದಾರಾ ನಿನ್ನ ಅಪ್ಪ? ತೇಗದ ಬಾಗಿಲು ಯಾರ ಮನೆಗೆ ಹೋಯ್ತು ಅಂತ ಎಲ್ರಿಗೂ ಗೊತ್ತುಂಟು, ನಾನು ಹೇಳುದಿಲ್ಲ.

ಹಾಂ, ನೀರಿನ ವಿಷಯ ಬಿಟ್ಟೇ ಹೋಯ್ತು. ಒಳಗಿನ ಯೂನಿಟ್ ಆಫ್ ಮಾಡಿ ಮುಂದಿನ ಮುಚ್ಚಳ ಎತ್ತು, ಫಿಲ್ಟರಿನ ಜಾಲರಿ ಎಳಿ. ಧೂಳು ಕಂಬಳಿ ಹಾಗೆ ಕೂತಿರ್ಬಹುದು. ಗಾಳಿ ಹೋಗದಿದ್ರೆ ಒಳಗಿನ ಕಾಯಿಲಿಗೆ, ಅಂದ್ರೆ ತಣ್ಣಗಾಗುವ ಪೈಪಿನ ಸುರುಳಿಗೆ, ಐಸ್ ಹಿಡೀತದೆ, ಅದು ಕರಗಿ ಗೋಡೆಗೆ ಇಳಿಯುದು. ನಳ್ಳಿ ನೀರಲ್ಲಿ ತೊಳ್ದು ನೆರಳಲ್ಲಿ ಒಣಗಿಸಿ ಹಾಕು. ಐಸ್ ಕಂಡ್ರೆ ಎರಡು ಮೂರು ಗಂಟೆ ಬರೀ ಫ್ಯಾನ್ ಮೋಡಿನಲ್ಲಿ ಬಿಡು. ನೀರು ಹೋಗುವ ಪೈಪಿನ ಬಾಯಿಯಲ್ಲಿ ಕಣಜ ಮಣ್ಣು ಮೆತ್ತಿದ್ಯಾ ಅದನ್ನೂ ನೋಡು. ಮತ್ತೆ ತಣ್ಣಗೆ ಮಾಡ್ಲಿಕ್ಕೆ ಹಾಕುವಾಗ ರಿಮೋಟಿನಲ್ಲಿ ಹಿಮದ ಹೂವಿನ ಚಿತ್ರ ಇರ್ಬೇಕು, ಅದೇ ಕೂಲ್ ಮೋಡ್. 16ಕ್ಕೆ ಇಳಿಸಿದ್ರೆ ಬೇಗ ತಣ್ಣಗಾಗ್ತದೆ ಅಂತ ಒತ್ತುದು ಬೇಡ.

ಇಷ್ಟಾದ್ರೂ ಆಗದಿದ್ರೆ ಮೆಕ್ಯಾನಿಕ್ ಕರಿ. ಎಸಿಯೊಳಗೆ ತಣ್ಣಗೆ ಮಾಡುವ ಗ್ಯಾಸ್ ಮುಗಿದಿದೆ ಅಂತ ಅವನು ಹೇಳಿದ್ರೆ ಹಾಗೇ ತುಂಬಿಸ್ಲಿಕ್ಕೆ ಬಿಡ್ಬೇಡ. ಅದು ಅಡುಗೆ ಗ್ಯಾಸಿನ ಹಾಗೆ ಉರಿದು ಖಾಲಿಯಾಗುದಲ್ಲ, ಎಲ್ಲೋ ಲೀಕ್ ಇದ್ರೆ ಮಾತ್ರ ಕಡಿಮೆ ಆಗುದು. ನಮ್ಮ ಕಡಲ ಉಪ್ಪು ಗಾಳಿಗೆ ಪೈಪು ತಿಂದು ಹೋಗ್ತದೆ. ಮೊದ್ಲು ಲೀಕ್ ಹುಡುಕ್ಲಿ.

ಇಡ್ತೇನೆ, ದೊಡ್ಡಮ್ಮ ಊಟಕ್ಕೆ ಕರೀತಿದ್ದಾಳೆ. ಅವನು ಇಳಿದ್ನಾ ಇಲ್ವಾ, ಅಷ್ಟು ಹಾಕು.