ಕುಡಿತ ಬಿಡೋಕೆ ಮೀಟಿಂಗ್ ಹುಡುಕ್ತಿದ್ದೀನಿ, ಯಾವುದಕ್ಕೆ ಹೋಗಲಿ?

ಹೊಸಖಾತೆ:
ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಮೀಟಿಂಗ್‌ಗಳ ಪಟ್ಟಿ ನೋಡಿದೆ. ಓಪನ್, ಕ್ಲೋಸ್ಡ್, ಸ್ಪೀಕರ್, ಸ್ಟೆಪ್ ಅಂತೆಲ್ಲ ಇದೆ. ಮೊದಲ ಸಲ ಹೋಗುವವರಿಗೆ ಯಾವುದು ಸರಿ? ಎದ್ದು ನಿಂತು ಮಾತಾಡಲೇಬೇಕಾ? ದೇವರನ್ನು ನಂಬದವರಿಗೂ ಆಗುತ್ತಾ? ಸದ್ಯ ದಿನಾ ಕುಡಿಯೋದು ನಡೀತಿದೆ. ಪೂರ್ತಿ ಬಿಟ್ಟ ಮೇಲೇ ಹೋಗಬೇಕಾ?

ಹಿಂದಿನಸಾಲು:
ಕೊನೆಯದಕ್ಕೆ ಮೊದಲು ಉತ್ತರ. ಬಿಟ್ಟಿರಬೇಕಿಲ್ಲ, ಬಿಡಬೇಕು ಅನ್ನೋ ಆಸೆ ಇದ್ದರೆ ಸಾಕು. ಎಎ ಕೇಳೋ ಅರ್ಹತೆ ಅದೊಂದೇ. ಶುಲ್ಕವಿಲ್ಲ. ಕಾಣಿಕೆ ಬುಟ್ಟಿ ಬಂದರೆ ಹೊಸಬರು ಏನೂ ಹಾಕದೆ ಪಕ್ಕದವರಿಗೆ ದಾಟಿಸಬಹುದು.

ಓಪನ್ ಅಂದರೆ ಮನೆಯವರು, ಸ್ನೇಹಿತರು, ಯಾರು ಬೇಕಾದರೂ ಕೂರಬಹುದು. ಕ್ಲೋಸ್ಡ್ ಇರೋದು ಕುಡಿತ ಬಿಡಬೇಕೆಂದಿರುವವರಿಗೆ ಮಾತ್ರ. ಅದನ್ನು ನೋಡಿ ‘ಹಳೇ ಸದಸ್ಯರಿಗಷ್ಟೇ’ ಅಂದುಕೊಂಡು ಎಷ್ಟೋ ಹೊಸಬರು ಬಾಗಿಲಿಂದಲೇ ವಾಪಸ್ ಹೋಗ್ತಾರೆ. ನಿಮಗೆ ಎರಡಕ್ಕೂ ಪ್ರವೇಶವಿದೆ. ಸ್ಪೀಕರ್ ಮೀಟಿಂಗಲ್ಲಿ ಒಬ್ಬಿಬ್ಬರು ತಮ್ಮ ಕಥೆ ಹೇಳ್ತಾರೆ, ಉಳಿದವರು ಕೇಳ್ತಾರೆ. ಡಿಸ್ಕಷನ್‌ನಲ್ಲಿ ಸರದಿ ಬರುತ್ತೆ, ತಲಾ ಮೂರ್ನಾಲ್ಕು ನಿಮಿಷ. ಸ್ಟೆಪ್ ಮೀಟಿಂಗಲ್ಲಿ ಕುಡಿತ ಬಿಡೋಕೆ ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ಒಂದನ್ನು ಓದಿ ಚರ್ಚಿಸ್ತಾರೆ. ಆರಂಭಕ್ಕೆ ಸ್ವಲ್ಪ ಭಾರ. ‘ಬಿಗಿನರ್ಸ್’ ಅಂತಿದ್ದರೆ ಅದಕ್ಕೇ ಹೋಗಿ, ಇಲ್ಲದಿದ್ದರೆ ಓಪನ್ ಸ್ಪೀಕರ್.

ಮಾತಾಡಲೇಬೇಕು ಅಂತೇನಿಲ್ಲ. ಸರದಿ ಬಂದಾಗ ‘ಇವತ್ತು ಕೇಳೋಕೆ ಬಂದಿದ್ದೀನಿ’ ಅಂದರೆ ಮುಂದಿನವರ ಕಡೆ ತಿರುಗ್ತಾರೆ.

ಗುಳಿಗೆಲೆಕ್ಕ:
ಮೀಟಿಂಗ್ ಹುಡುಕೋದು ಹುಡುಕಿ, ಆದರೆ ದಿನಾ ಕುಡಿಯುವವರು ಡಾಕ್ಟರನ್ನು ಕೇಳದೆ ಒಂದೇ ಏಟಿಗೆ ನಿಲ್ಲಿಸಬಾರದು. ಕೊನೆಯ ಪೆಗ್ ಆದ ಆರೆಂಟು ಗಂಟೆಗೇ ಕೈನಡುಕ, ಬೆವರು, ಹೊಟ್ಟೆ ತೊಳಸೋದು ಶುರುವಾಗಬಹುದು. ಫಿಟ್ಸ್ ಬರೋದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. 48ರಿಂದ 96 ಗಂಟೆ ನಡುವೆ ಜ್ವರ, ಗೊಂದಲ, ಇಲ್ಲದ್ದು ಕಾಣೋದು ಶುರುವಾದರೆ ಅದು ಡೆಲಿರಿಯಮ್ ಟ್ರೆಮೆನ್ಸ್, ಜೀವಕ್ಕೇ ಅಪಾಯ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಆಸ್ಪತ್ರೆಯಲ್ಲೇ ಬಿಡಬೇಕು.

ಕುಡಿತ ಬಿಡೋಕೆ ಡಾಕ್ಟರ್ ಕೊಡೋ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್ ಮಾತ್ರೆ ತಗೊಳ್ತಾ ಮೀಟಿಂಗಿಗೆ ಹೋಗೋಕೆ ಅಡ್ಡಿಯಿಲ್ಲ. ‘ಮಾತ್ರೆ ನುಂಗಿದರೆ ಅದು ಬಿಟ್ಟಂತಲ್ಲ’ ಅನ್ನುವವರು ಒಬ್ಬಿಬ್ಬರು ಸಿಗ್ತಾರೆ. ಔಷಧದ ವಿಚಾರ ಡಾಕ್ಟರಿಗೆ ಬಿಟ್ಟದ್ದು ಅಂತ ಎಎಯೇ ಹೇಳುತ್ತೆ. ಡೈಸಲ್ಫಿರಾಮ್ ತಗೊಳ್ಳುವವರು ಕೆಮ್ಮಿನ ಸಿರಪ್, ಮೌತ್‌ವಾಶ್‌ನ ಲೇಬಲ್ಲನ್ನೂ ಓದಬೇಕು. ಅದರಲ್ಲಿರೋ ಆಲ್ಕೋಹಾಲಿಗೇ ಮುಖ ಕೆಂಪೇರಿ, ಎದೆ ಬಡಿತ, ವಾಂತಿ ಆಗಬಹುದು.

ತರ್ಕಪ್ರಿಯ:
ಹೆಜ್ಜೆಗಳಲ್ಲಿ ದೇವರ ಹೆಸರು ಬರುತ್ತೆ, ‘ನಾವು ಅರಿತುಕೊಂಡಂತೆ’ ಅನ್ನೋ ಮಾತಿನ ಜೊತೆ. ಕೆಲವರು ಆ ಜಾಗದಲ್ಲಿ ಗುಂಪನ್ನೇ ಇಟ್ಟುಕೊಳ್ತಾರೆ. ಅದೂ ಒಗ್ಗದಿದ್ದರೆ ಪಟ್ಟಿಯಲ್ಲಿ ‘ಸೆಕ್ಯುಲರ್’ ಅಂತಿರೋ ಎಎ ಗುಂಪುಗಳನ್ನು ನೋಡಿ.

ಎಎಯ ಹೊರಗೆ ಸ್ಮಾರ್ಟ್ ರಿಕವರಿ ಇದೆ, 1994ರಿಂದ. ಅಲ್ಲಿ ಹೆಜ್ಜೆಗಳೂ ಇಲ್ಲ, ಸ್ಪಾನ್ಸರೂ (ಹೊಸಬರಿಗೆ ಜೊತೆಯಾಗಿ ದಾರಿ ತೋರಿಸೋ ಹಳೇ ಸದಸ್ಯರು) ಇಲ್ಲ. ತರಬೇತಾದವರು ನಡೆಸ್ತಾರೆ. ಕುಡಿಯೋದರಿಂದ ಏನು ಸಿಗುತ್ತೆ, ಏನು ಹೋಗುತ್ತೆ, ಬಿಟ್ಟರೆ ಏನು ಅಂತ ಹಾಳೆಯಲ್ಲಿ ಬರೆಸ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಪ್ರತಿಕ್ರಿಯಿಸಬಹುದು. ಎಎಯಲ್ಲಿ ಹಾಗೆ ನಡುವೆ ಬಾಯಿ ಹಾಕೋದು ಸಾಮಾನ್ಯವಾಗಿ ನಿಷಿದ್ಧ. ಮಹಿಳೆಯರಿಗೆ 1975ರಲ್ಲಿ ಶುರುವಾದ ವಿಮೆನ್ ಫಾರ್ ಸೋಬ್ರೈಟಿ ಇದೆ.

ಹಾಗಂತ ಎಎಯನ್ನು ಬರೀ ಭಜನೆ ಅಂತ ತಳ್ಳಿಹಾಕಬೇಡಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆಯಲ್ಲಿ, ರೋಗಿಗಳನ್ನು ಕ್ರಮವಾಗಿ ಎಎಗೆ ತೊಡಗಿಸೋ ಚಿಕಿತ್ಸೆ ಸತತವಾಗಿ ಕುಡಿಯದೇ ಇರೋ ವಿಷಯದಲ್ಲಿ ಸಿಬಿಟಿಯಂಥ (ಯೋಚನೆ, ನಡವಳಿಕೆ ಬದಲಿಸೋ ಆಪ್ತಸಮಾಲೋಚನೆ) ಚಿಕಿತ್ಸೆಗಳಿಗಿಂತ ಮುಂದಿತ್ತು. ನಂಬದವರೂ ಒಮ್ಮೆ ನೋಡಬಹುದು.

ಹೊಸಖಾತೆ:
ಡಾಕ್ಟರ ಹತ್ತಿರ ಮೊದಲು ಹೋಗ್ತೀನಿ. ಆನ್‌ಲೈನ್ ಮೀಟಿಂಗ್ ಮಾತ್ರ ಸಾಕಾಗುತ್ತಾ? ಗುಂಪು ಸರಿಯಿಲ್ಲ ಅಂತ ತಿಳಿಯೋದು ಹೇಗೆ?

ಹಿಂದಿನಸಾಲು:
ಆನ್‌ಲೈನ್ ಶುರುವಿಗೆ ಒಳ್ಳೇದು. ಸೇರುವ ಮುಂಚೆ ಪರದೆಯ ಹೆಸರನ್ನು ಬದಲಿಸಿ. ಆಫೀಸ್ ಖಾತೆಯಿಂದ ಸೇರಿದರೆ ಪೂರ್ತಿ ಹೆಸರು ಎಲ್ಲರಿಗೂ ಕಾಣುತ್ತೆ. ಸಮಯ ಯಾವ ದೇಶದ್ದು ಅಂತಲೂ ನೋಡಿಕೊಳ್ಳಿ. ಕೊರತೆ ಏನಂದರೆ, ಲೀವ್ ಒತ್ತಿದರೆ ಮುಗೀತು. ನೇರ ಮೀಟಿಂಗಲ್ಲಿ ಆಮೇಲೆ ಕುರ್ಚಿ ಮಡಚೋ ಹತ್ತು ನಿಮಿಷದಲ್ಲೇ ಫೋನ್ ನಂಬರ್ ಸಿಗೋದು. ಪಟ್ಟಿಗಳು ಹಳತಾಗಿರ್ತವೆ, ಹೊರಡೋ ಮುಂಚೆ ಫೋನ್ ಮಾಡಿ ಕೇಳಿ.

ಒಂದೇ ಗುಂಪು ನೋಡಿ ತೀರ್ಮಾನಿಸಬೇಡಿ, ಬೇರೆ ಬೇರೆ ಐದಾರು ನೋಡಿ. ಒಬ್ಬರೇ ಇಡೀ ಗಂಟೆ ತಿಂದರೆ, ಸಾಲ ಕೇಳಿದರೆ, ಒಳಗಿನ ಮಾತು ಹೊರಗೆ ಹೋದರೆ ಅಲ್ಲಿಂದ ಎದ್ದುಬಿಡಿ. ಹೊಸಬರ ಮೇಲೆ ಕಣ್ಣು ಹಾಕುವವರೂ ಇರ್ತಾರೆ; ಹೆಣ್ಣಿಗೆ ಹೆಣ್ಣು, ಗಂಡಿಗೆ ಗಂಡು ಸ್ಪಾನ್ಸರ್ ಅನ್ನೋ ರೂಢಿ ಅದಕ್ಕೇ. ಸದ್ಯಕ್ಕೆ ತಾತ್ಕಾಲಿಕ ಸ್ಪಾನ್ಸರ್ ಕೇಳಿ, ಆಮೇಲೆ ಬದಲಿಸಿದರೂ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಗುಳಿಗೆಲೆಕ್ಕ:
ಸಮಯದ ಬಗ್ಗೆ ಒಂದು ಮಾತು. ರಾತ್ರಿ ಎಂಟಕ್ಕೆ ಕೂರೋ ಅಭ್ಯಾಸವಿದ್ದರೆ ಬೆಳಗಿನ ಏಳರ ಮೀಟಿಂಗಿಗಿಂತ ಸಂಜೆ ಏಳೂವರೆಯದು ಹೆಚ್ಚು ಕೆಲಸಕ್ಕೆ ಬರುತ್ತೆ. ಮನೆಯವರಿಗೆ ಬೇಕಿದ್ದರೆ ಅಲ್-ಅನಾನ್ ಬೇರೆಯೇ ಇದೆ, ನೀವು ಹೋಗದಿದ್ದರೂ ಅವರು ಹೋಗಬಹುದು.