ಬಿಇ ಸ್ಟಡಿಗೆ ಸಿಆರ್‌ಒ ಆಯ್ಕೆ: ಆಡಿಟ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ:
ಯುರೋಪಿಗೆ ಹೋಗಬೇಕಾದ ಜೆನೆರಿಕ್ ಮಾತ್ರೆಗೆ ಬಯೋಈಕ್ವಿವಲೆನ್ಸ್ (ಬಿಇ) ಸ್ಟಡಿ, ಅಂದರೆ ಮೂಲ ಔಷಧದಷ್ಟೇ ಇದೂ ರಕ್ತಕ್ಕೆ ಸೇರುತ್ತಾ ಅನ್ನೋ ಪರೀಕ್ಷೆ, ಮಾಡಿಸಬೇಕಿದೆ. ಸಿಆರ್‌ಒಗಳಿಂದ (ಔಷಧ ಕಂಪನಿಗಳಿಗಾಗಿ ಇಂಥ ಸ್ಟಡಿ ನಡೆಸಿಕೊಡುವ ಸಂಸ್ಥೆಗಳು) ಮೂರು ಕೊಟೇಶನ್ ಬಂದಿವೆ. ಎರಡರಲ್ಲಿ 44 ಜನ ವಾಲಂಟಿಯರ್‌ಗಳು. ಮೂರನೆಯವರು 24 ಜನ ಸಾಕು ಅಂತಾರೆ, ದರವೂ ತೀರಾ ಕಡಿಮೆ. ಇಂಟ್ರಾ-ಸಬ್ಜೆಕ್ಟ್ ಸಿವಿ (ಒಬ್ಬರಲ್ಲೇ ಸಲದಿಂದ ಸಲಕ್ಕೆ ಆಗುವ ಏರುಪೇರು) ಸುಮಾರು 30%. ಆಡಿಟ್‌ಗೆ ಇರೋದು ಎರಡೇ ದಿನ.

ಉತ್ತರ 1:
ದರ ಕಡಿಮೆ ಆಗಿರೋದು ತಲೆ ಎಣಿಕೆ ಕಡಿಮೆ ಮಾಡಿದ್ದಕ್ಕೆ. ಟು-ಬೈ-ಟು ಕ್ರಾಸ್‌ಓವರ್ (ಪ್ರತಿಯೊಬ್ಬರಿಗೂ ಎರಡೂ ಔಷಧ ಒಂದಾದಮೇಲೊಂದು), ಸಿವಿ 30%, ಟೆಸ್ಟ್-ರೆಫರೆನ್ಸ್ (ನಿಮ್ಮ ಮಾತ್ರೆ-ಮೂಲ ಔಷಧ) ಅನುಪಾತ 0.95, ಪವರ್ (ಸ್ಟಡಿ ಪಾಸಾಗುವ ಸಾಧ್ಯತೆ) 80% ಅಂತಿಟ್ಟುಕೊಂಡರೆ 40 ಜನರ ಪೂರ್ತಿ ಡೇಟಾ ಬೇಕು. ಮಧ್ಯೆ ಬಿಟ್ಟುಹೋಗುವವರಿಗೆ ಅಂತ ನಾಲ್ಕು ಸೇರಿಸಿದರೆ 44. 24ಕ್ಕೆ ಇಳಿಸಿದರೆ ಮಾತ್ರೆ ಚೆನ್ನಾಗಿದ್ದರೂ ಆ ಅನುಪಾತದ 90% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ) ಪಾಸಾಗಲು ಬೇಕಾದ 80.00–125.00%ರ ಗಡಿ ದಾಟುವ ಸಾಧ್ಯತೆ ತುಂಬಾ ಇದೆ. ಆಗ ಮತ್ತೆ ಮೊದಲಿಂದ ಮಾಡಿಸಬೇಕು. ಸ್ಯಾಂಪಲ್ ಸೈಜ್ ಲೆಕ್ಕ ಬರಹದಲ್ಲಿ ಕೇಳಿ, ಯಾವ ಸಿವಿ ಹಿಡಿದಿದ್ದಾರೆ ನೋಡಿ.

ಉತ್ತರ 2:
ಪ್ರೆಸೆಂಟೇಶನ್ ನೋಡುತ್ತಾ ಮೊದಲ ದಿನ ಕಳೀಬೇಡಿ. ಮುಗಿದ ಒಂದು ಸ್ಟಡಿಯನ್ನು ನೀವೇ ಆರಿಸಿ, ರಾ ಡೇಟಾ ತೆರೆಸಿ. ಇಸಿಜಿ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಹರಡಿ. ಇಬ್ಬರ ಹೆಸರಲ್ಲಿ ಒಂದೇ ತರಂಗ ಕಂಡರೆ ಅಲ್ಲಿಂದ ಎದ್ದು ಬನ್ನಿ. 2015ರಲ್ಲಿ ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿ ಸುಮಾರು 700 ಔಷಧಗಳನ್ನು ಅಮಾನತಿಡಲು ಶಿಫಾರಸು ಮಾಡಿದ್ದಕ್ಕೆ ಕಾರಣ, ಹೈದರಾಬಾದಿನ ಒಂದೇ ಕೇಂದ್ರದಲ್ಲಿ ತಿದ್ದಿದ ಇಸಿಜಿಗಳು.

ಆಮೇಲೆ ಎಲ್‌ಸಿ-ಎಂಎಸ್ (ರಕ್ತದಲ್ಲಿನ ಔಷಧ ಅಳೆಯುವ ಯಂತ್ರ) ಆಡಿಟ್ ಟ್ರೇಲ್, ಅಂದರೆ ಯಾರು ಏನು ಬದಲಿಸಿದರು ಅನ್ನೋ ದಾಖಲೆ. ಪೀಕ್‌ನ (ಔಷಧದ ಪ್ರಮಾಣ ತೋರಿಸುವ ಗ್ರಾಫಿನ ಶಿಖರ) ಬೇಸ್‌ಲೈನನ್ನು ಕೈಯಿಂದ ಎಳೆದಿದ್ದರೆ ಯಾರು, ಯಾವಾಗ, ಯಾವ ಕಾರಣಕ್ಕೆ ಅನ್ನೋದು ಅಲ್ಲಿರಬೇಕು. ಫೇಲಾಗುತ್ತಿದ್ದ ಕ್ಯೂಸಿ (ಪ್ರಮಾಣ ಮೊದಲೇ ಗೊತ್ತಿರುವ ತಪಾಸಣಾ ಸ್ಯಾಂಪಲ್) ರೀಇಂಟಿಗ್ರೇಶನ್ (ಪೀಕ್ ಮತ್ತೆ ಅಳೆಯೋದು) ಆದಮೇಲೆ ಪಾಸಾಗಿದ್ದರೆ ಕೆದಕಿ. ಐಎಸ್‌ಆರ್ (ವಾಲಂಟಿಯರ್‌ಗಳ ಸ್ಯಾಂಪಲ್‌ಗಳನ್ನೇ ಮತ್ತೆ ಅಳೆದು ನೋಡೋದು) ಕೂಡ ಬಿಡಬೇಡಿ: ಮೊದಲ 1000 ಸ್ಯಾಂಪಲ್‌ಗಳಲ್ಲಿ 10%, ಅದರ ಮೇಲಿನವಕ್ಕೆ 5% ಮರುಪರೀಕ್ಷೆ, ಅವುಗಳಲ್ಲಿ ಮೂರನೇ ಎರಡರಷ್ಟಾದರೂ 20% ವ್ಯತ್ಯಾಸದೊಳಗೆ ಬರಬೇಕು.

ಉತ್ತರ 3:
2025ರ ಏಪ್ರಿಲ್ 1ರಿಂದ ಸಿಆರ್‌ಒಗಳಿಗೆ ಸಿಡಿಎಸ್‌ಸಿಒ (ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ) ನೋಂದಣಿ ಕಡ್ಡಾಯ, ಪ್ರಮಾಣಪತ್ರ ಮೊದಲೇ ತರಿಸಿಕೊಳ್ಳಿ. ಯಾವ ಕೆಲಸ ಅವರದು ಅಂತ ಒಪ್ಪಂದದಲ್ಲಿ ಒಂದೊಂದಾಗಿ ಬರೆಯಿರಿ; ಬರೆಯದ್ದೆಲ್ಲ ಸ್ಪಾನ್ಸರ್, ಅಂದರೆ ಸ್ಟಡಿ ಮಾಡಿಸುವ ನಿಮ್ಮ ತಲೆಗೇ. ಬರೆದುಕೊಟ್ಟರೂ ಡೇಟಾದ ಕೊನೆಯ ಹೊಣೆ ನಿಮ್ಮದೇ.

ಕ್ಲಿನಿಕ್ ಒಂದೂರು, ಲ್ಯಾಬ್ ಇನ್ನೊಂದೂರು ಆಗಿದ್ದರೆ ಪ್ಲಾಸ್ಮಾವನ್ನು ಎರಡು ಪಾಲು ಮಾಡಿಸಿ. ಮೊದಲನೆಯದು ಡ್ರೈ ಐಸ್, ಟೆಂಪರೇಚರ್ ಲಾಗರ್ ಜೊತೆ ಹೋಗಿ ತಲುಪಿತು ಅಂತ ಖಾತ್ರಿಯಾದ ಮೇಲೆಯೇ ಎರಡನೆಯದು ಫ್ರೀಜರ್‌ನಿಂದ ಹೊರಬರಲಿ.