ಆಗಸ್ಟ್ ಕೊನೇಲಿ ಮೌಂಟ್ ರೇನಿಯರ್, ಮೊದಲ್ನೇ ಸಲ. ಹೇಗೆ ರೆಡಿ ಆಗೋದು?

ಮಂಜು_ಮುಟ್ಟದವ:

ನಮಸ್ಕಾರ ಎಲ್ರಿಗೂ. ನಾವು ಮೂರು ಜನ ಫ್ರೆಂಡ್ಸ್ ಆಗಸ್ಟ್ ಕೊನೇ ವಾರ ಅಮೆರಿಕಾದ ವಾಷಿಂಗ್ಟನ್ ರಾಜ್ಯದ ರೇನಿಯರ್ ಬೆಟ್ಟ ಹತ್ಬೇಕು ಅಂತ ಹಟ ಹಿಡಿದು ಕೂತಿದೀವಿ, ಪ್ಯಾರಡೈಸಿಂದ ಶುರು ಮಾಡಿ ಕ್ಯಾಂಪ್ ಮ್ಯೂರಲ್ಲಿ ಒಂದು ರಾತ್ರಿ, ಅಲ್ಲಿಂದ ಡಿಸಪಾಯಿಂಟ್‌ಮೆಂಟ್ ಕ್ಲೀವರ್ ರೂಟಲ್ಲಿ ಮೇಲಕ್ಕೆ. ಆಗಸ್ಟೇ ಯಾಕೆ ಅಂದ್ರೆ ಅಷ್ಟೊತ್ತಿಗೆ ಸ್ನೋ ಎಲ್ಲಾ ಕರಗಿ ಹೋಗಿರುತ್ತೆ, ಮಳೆನೂ ಕಮ್ಮಿ, ಕಾಲಿಡೋಕೆ ಸುಲಭ ಅನ್ನೋದು ನಮ್ಮ ಲೆಕ್ಕ. ಇಲ್ಲಿವರೆಗೂ ಅದೇ ರಾಜ್ಯದ ಚಿಕ್ಕ ಬೆಟ್ಟಗಳು ಮಾತ್ರ, ಮೌಂಟ್ ಸೈ ಎರಡು ಸಲ, ಮೇಲ್‌ಬಾಕ್ಸ್ ಪೀಕ್ ಒಂದು ಸಲ ಹತ್ತಿದೀವಿ, ಮೇಲ್‌ಬಾಕ್ಸ್ ಇಳಿಯುವಾಗ ನನ್ನ ಮಂಡಿ ಗಡಗಡ ಅಂತಿತ್ತು ಅನ್ನೋದು ಬಿಟ್ರೆ ಏನೂ ತೊಂದ್ರೆ ಆಗಿಲ್ಲ. ಕ್ರಾಂಪಾನ್ (ಬೂಟಿನ ತಳಕ್ಕೆ ಕಟ್ಟೋ ಕಬ್ಬಿಣದ ಹಲ್ಲು) ಹಾಕಿಲ್ಲ, ಐಸ್ ಆಕ್ಸ್ (ಮಂಜಿಗೆ ಚುಚ್ಚೋ ಕೊಡಲಿ) ಕೈಯಲ್ಲಿ ಹಿಡಿದಿಲ್ಲ, ವಿಡಿಯೋ ಮಾತ್ರ ಬೇಕಾದಷ್ಟು ನೋಡಿದೀವಿ. ಇನ್ನೂ ಹತ್ತು ವಾರ ಇದೆ. ಏನು ಪ್ರಾಕ್ಟೀಸ್ ಮಾಡ್ಬೇಕು, ಯಾವುದನ್ನ ಕೊಂಡ್ಕೋಬೇಕು ಯಾವುದು ಬಾಡಿಗೆಗೆ ಸಾಕು, ಗೈಡ್ ಇಲ್ದೆ ಆಗುತ್ತಾ? ಬೈಬೇಡಿ ಪ್ಲೀಸ್ :)

ಹಳೇ_ಬೂಟು:

ಬೈಯಲ್ಲ ಗುರು, ಆದ್ರೆ ಲೆಕ್ಕ ತಲೆಕೆಳಗಾಗಿದೆ. ಆ ಬೆಟ್ಟದಲ್ಲಿ ಸ್ನೋ ಇದ್ರೇನೇ ದಾರಿ. ಕ್ಲೀವರ್ ಅಂದ್ರೆ ಏನು, ಇಂಗ್ರಹಾಂ ಮತ್ತೆ ಎಮನ್ಸ್ ಅನ್ನೋ ಎರಡು ಗ್ಲೇಸಿಯರ್ (ಹಿಮನದಿ) ಮಧ್ಯೆ ಎದ್ದು ನಿಂತಿರೋ ಪುಡಿಪುಡಿ ಕಲ್ಲಿನ ಏಣು, ಅಲ್ಲಿ ಸ್ನೋ ಗಾರೆ ಇದ್ದ ಹಾಗೆ, ಕಲ್ಲುಗಳನ್ನ ಹಿಡ್ಕೊಂಡಿರುತ್ತೆ. ಗಾರೆ ಹೋಯ್ತು ಅಂದ್ರೆ ಮುಂದೆ ಹೋಗ್ತಿರೋನ ಬೂಟ್ ತಾಗಿದ ಕಲ್ಲು ಸೀದಾ ನಿಮ್ಮ ಕಡೆಗೇ ಬರುತ್ತೆ, ಅದೂ ಕತ್ತಲಲ್ಲಿ. ಗ್ಲೇಸಿಯರ್ ಮೇಲೂ ಅದೇ ಕಥೆ, ಜೂನಲ್ಲಿ ಸ್ನೋ ಬ್ರಿಡ್ಜ್ (ಬಿರುಕಿನ ಮೇಲೆ ಸ್ನೋ ಕಟ್ಟಿದ ಸೇತುವೆ) ಮೇಲೆ ನಾಲ್ಕು ಹೆಜ್ಜೇಲಿ ದಾಟಿದ ಕ್ರೆವಾಸ್, ಅಂದ್ರೆ ಗ್ಲೇಸಿಯರಿನ ಆಳವಾದ ಬಿರುಕು, ಆಗಸ್ಟ್ ಕೊನೆಗೆ ಬಾಯಿ ಬಿಟ್ಕೊಂಡು ಕೂತಿರುತ್ತೆ, ಸುತ್ತಾಕ್ಕೊಂಡು ಹೋಗ್ಬೇಕು ಇಲ್ಲಾಂದ್ರೆ ಏಣಿ. ದಾರಿ ಉದ್ದ ಆಗುತ್ತೆ, ಕೆಲವು ವರ್ಷ ಸೀಸನ್ ಕೊನೆಗೆ ರೂಟೇ ಕಟ್ ಆಗಿಬಿಡುತ್ತೆ.

ನಾನು ಹೋಗಿದ್ದು ಎರಡು ಸಲ, ಒಂದು ಜುಲೈ, ಒಂದು ನೀವು ಹೇಳ್ತಿರೋ ಅದೇ ಆಗಸ್ಟ್ ಕೊನೆ, ಎರಡೂ ಗೈಡ್ ಜೊತೆ. ಆಗಸ್ಟಲ್ಲಿ ಒಂದು ಕಡೆ ಅಲ್ಯೂಮಿನಿಯಂ ಏಣಿ ಮಲಗಿಸಿ ಮೇಲೊಂದು ಹಲಗೆ ಕಟ್ಟಿದ್ರು. ಅದ್ರ ಮೇಲೆ ಕ್ರಾಂಪಾನ್ ಇಟ್ರೆ ಹಲ್ಲು ಮರಕ್ಕೆ ಕಚ್ಕೊಳ್ಳುತ್ತೆ, ಕಾಲೆತ್ತೋವಾಗ ಹಲಗೆನೂ ಜೊತೇಲಿ ಒಂಚೂರು ಎದ್ದ ಹಾಗೆ ಆಗುತ್ತೆ. ಕೆಳಗೆ ನೋಡ್ಬೇಡ ಅಂದಿದ್ರು, ನೋಡ್ದೆ. ಹೆಡ್‌ಲ್ಯಾಂಪ್ ಬೆಳಕು ಮೊದ್ಲು ಬಿಳಿ ಗೋಡೆ, ಆಮೇಲೆ ನೀಲಿ ಗೋಡೆ, ಆಮೇಲೆ ಏನೂ ಇಲ್ಲ.

ಇನ್ನೊಂದು ವಿಷ್ಯ, ವಿಡಿಯೋದಲ್ಲಿ ಜಾರಿದ ತಕ್ಷಣ ಮಗುಚಿ ಆಕ್ಸ್ ಚುಚ್ಚಿ ನಿಲ್ತಾರಲ್ಲ, ಅದು ಸ್ನೋ ಮೇಲೆ. ಆಗಸ್ಟಲ್ಲಿ ತುಂಬಾ ಕಡೆ ಬರೀ ಗಟ್ಟಿ ಐಸ್ ಇರುತ್ತೆ, ಅದ್ರ ಮೇಲೆ ಆಕ್ಸ್ ಕೆರೆಯುತ್ತೆ ಅಷ್ಟೆ, ಹಿಡಿಯಲ್ಲ. ಅಂದ್ರೆ ಜಾರಿದ್ಮೇಲೆ ನಿಲ್ಲೋದಲ್ಲ, ಜಾರದೆ ಇರೋದನ್ನ ಕಲೀಬೇಕು. ಪಾದ ಚಪ್ಪಟೆಯಾಗಿಟ್ಟು ಕ್ರಾಂಪಾನಿನ ಕೆಳಗಿನ ಹಲ್ಲೆಲ್ಲಾ ಒಟ್ಟಿಗೆ ಕೂರೋ ಹಾಗೆ ನಡೆಯೋದು, ಅದರಲ್ಲೂ ಸುಸ್ತಾದಾಗ ಪ್ಯಾಂಟಿಗೆ ಹಲ್ಲು ಸಿಗ್ಹಾಕ್ಕೊಳ್ದೆ ಇಳಿಯೋದು. ಇದಕ್ಕೆ ಒಂದು ಇಡೀ ದಿನ ಇಡಿ.

ಗುಡ್ಡಾ_ಹತ್ತು_ಧಾರವಾಡ:

ಹಳೇ ಬೂಟಿನವ್ರು ಹೆದರ್ಸಾಕತ್ತಾರ 😄 ಖರೇನ ಹೇಳ್ಯಾರ ಬಿಡ್ರಿ. ನಾ ಕಾಲಿನ ಮಾತು ಹೇಳ್ತೀನಿ. ಮೌಂಟ್ ಸೈ ಸುಮಾರು 3,100 ಅಡಿ ಏರು, ಮೇಲ್‌ಬಾಕ್ಸ್ 4,000. ರೇನಿಯರ್ ತುದಿ 14,410 ಅಡಿ, ಪ್ಯಾರಡೈಸ್ ಇರೂದು 5,400ರಾಗ, ಅಂದ್ರ 9,000 ಅಡಿ ಏರಬೇಕು. ಮೊದಲ್ನೇ ದಿನ ಮ್ಯೂರ್‌ತನಕ ಟೆಂಟು ಹಗ್ಗ ಅಡಿಗಿ ಸಾಮಾನು ಎಲ್ಲಾ ಹೊತ್ಕೊಂಡ 4,600 ಅಡಿ ಮ್ಯಾಲ, ನಿದ್ದಿ ಅರ್ಧಾ, ಮತ್ತ ನಡುರಾತ್ರಿ ಎದ್ದು ಉಳಿದಿದ್ದು, ಆಮ್ಯಾಲ ಅದೇ ದಿನ ಎಲ್ಲಾ ಇಳೀಬೇಕು. ಕಾಲು ಸೋಲೂದು ಇಳಿಯೂದ್ರಾಗ ರೀ, ಏರೂದ್ರಾಗ ಅಲ್ಲ. ನಿಮ್ಮ ಮಂಡಿ ಆಗಲೇ ಹೇಳೈತಿ.

ನಾ ಮಾಡಿದ್ದು ಇಷ್ಟ. ವಾರಕ್ಕ ಒಂದು ದೊಡ್ಡ ಏರು, ಬ್ಯಾಗಿನಾಗ ನೀರಿನ ಕ್ಯಾನ್. ಮೊದ್ಲ ಐದು ವಾರ ಮ್ಯಾಲ ಹೋಗಿ ನೀರು ಚೆಲ್ಲಿ ಹಗುರಾಗಿ ಇಳೀರಿ, ಮಂಡಿ ಉಳೀತಾವು. ಆಮ್ಯಾಲ ಚೆಲ್ಲಬ್ಯಾಡ್ರಿ, ಸ್ವಲ್ಪ ಸ್ವಲ್ಪ ಭಾರ ಇಟ್ಕೊಂಡೇ ಇಳೀರಿ, ಯಾಕಂದ್ರ ತೊಡಿಗೆ ಇಳಿಯೂ ಅಭ್ಯಾಸ ಬ್ಯಾರೇನ ಆಗಬೇಕು. ಕೊನೀ ವಾರ ಸುಮ್ಮ ಕೂಡ್ರಿ. ನಡೂಕ ಒಂದ್ಸಲ ಮ್ಯೂರ್‌ಗೆ ಹೋಗಿ ಬರ್ರಿ, ಅದಕ್ಕಿಂತ ಚಲೋ ಪರೀಕ್ಷಾ ಇಲ್ಲ. ಆದ್ರ ಮೋಡ ಇಳೀತು ಅಂದ್ರ ಆ ಸ್ನೋಫೀಲ್ಡಿನಾಗ ಆಕಾಶ ಯಾವ್ದು ನೆಲ ಯಾವ್ದು ತಿಳಿಯಾಂಗಿಲ್ಲ, ಒಂದು ಕಡೆ ನಿಸ್ಕ್ವಾಲಿ ಗ್ಲೇಸಿಯರ್ ಐತಿ, ಫೋನಿನಾಗ ಟ್ರ್ಯಾಕ್ ಹಾಕ್ಕೊಂಡು ಹೋಗ್ರಿ.

ಬೂಟು ಮಾತ್ರ ಬಾಡಿಗಿ ಬ್ಯಾಡ. ನನ್ನ ಮೊದಲ್ನೇ ಟ್ರಿಪ್ಪಿಗೆ ಬಾಡಿಗಿ ಬೂಟು, ಅಂಗಡ್ಯಾಗ ಹತ್ತು ನಿಮಿಷ ಹಾಕಿ ಅಡ್ಡಾಡಿದ್ದೆ, ಮಸ್ತ ಅನಿಸಿತ್ತು, ಮ್ಯೂರ್ ಮುಟ್ಟೂದ್ರಾಗ ಎರಡೂ ಹಿಮ್ಮಡಿ ಸುಲದು ಸಾಕ್ಸಿಗೆ ಅಂಟಿತ್ತು, ಅಲ್ಲಿಂದಾನ ವಾಪಸ್. ಕ್ರಾಂಪಾನ್, ಆಕ್ಸ್, ಹೆಲ್ಮೆಟ್ ಬಾಡಿಗಿ ನಡೀತಾವು, ಆದ್ರ ಕ್ರಾಂಪಾನ್ ನಿಮ್ಮ ಬೂಟಿಗೇ ಕೂಡ್ತೈತೇನ ಮನ್ಯಾಗ ನೋಡ್ರಿ. ಹತ್ತು ವಾರ ಸಾಕು, ಹೋಗ್ರಿ ಅಂತೀನಿ.

ಇಳಿಜಾರು_ಅಕ್ಕ:

ಕಾಲಿಗೆ ಹತ್ತು ವಾರ ಸಾಕು ಸರ್, ಹಗ್ಗಕ್ಕೆ ಸಾಲಲ್ಲ. ಗ್ಲೇಸಿಯರ್ ಮೇಲೆ ಮೂವರೂ ಒಂದೇ ಹಗ್ಗಕ್ಕೆ ಕಟ್ಕೊಂಡು ನಡೆಯೋದು, ಮೂರು ಜನದಲ್ಲಿ ಒಬ್ಬ ಕ್ರೆವಾಸಿಗೆ ಬಿದ್ರೆ ಉಳಿದ ಇಬ್ರು ಮಲಗಿ ಅವನ ಭಾರ ತಡೀಬೇಕು, ಒಬ್ರು ತಡ್ಕೊಂಡೇ ಇರ್ಬೇಕು ಇನ್ನೊಬ್ರು ಹಗ್ಗ ಹಿಡಿಯೋ ಆಂಕರ್ ಸ್ನೋಗೆ ಹಾಕಿ, ಪ್ರೂಸಿಕ್ (ಹಗ್ಗವನ್ನ ಬಿಗಿಯಾಗಿ ಹಿಡಿಯೋ ಗಂಟು) ಕಟ್ಟಿ, ಪುಲ್ಲಿ ಜೋಡಿಸಿ ಎಳೀಬೇಕು, ಅದೂ ಗ್ಲವ್ಸ್ ಹಾಕಿದ ಕೈಯಲ್ಲಿ, ಕತ್ತಲಲ್ಲಿ. ಮೂವರಿಗೂ ಬರಲ್ಲ ಅಂದ್ರೆ ಆ ಹಗ್ಗ ಮೂವರನ್ನೂ ಒಂದೇ ಗುಂಡಿಗೆ ಎಳ್ಕೊಂಡು ಹೋಗುತ್ತೆ. ಗೈಡ್ ತಗೊಳ್ಳಿ, ಇಲ್ಲಾಂದ್ರೆ ಒಂದು ಪೂರ್ತಿ ಗ್ಲೇಸಿಯರ್ ಕೋರ್ಸ್ ಮಾಡ್ಕೊಂಡು ಮುಂದಿನ ವರ್ಷ ಬನ್ನಿ.

ಎತ್ತರದ ಬಗ್ಗೆ ಯಾರೂ ಹೇಳ್ಲಿಲ್ಲ. ತುದೀಲಿ ಗಾಳಿ ಒತ್ತಡ ಸಮುದ್ರ ಮಟ್ಟದ ಶೇಕಡಾ 60ರ ಹತ್ತಿರ, ನಾವೆಲ್ಲ ಸಮುದ್ರದ ಪಕ್ಕದಲ್ಲೇ ಮಲಗೆದ್ದು ಒಂದೂವರೆ ದಿನದಲ್ಲಿ ಅಲ್ಲಿಗೆ ಹೋಗೋದು, ಹಾಗಾಗಿ ತಲೆನೋವು ವಾಕರಿಕೆ ಬಂದ್ರೆ ಆಶ್ಚರ್ಯ ಪಡ್ಬೇಡಿ. ಸ್ವಲ್ಪ ತಲೆನೋವು ಓಕೆ. ತಲೆನೋವು ಜಾಸ್ತಿ ಆಗ್ತಾ ಹೋದ್ರೆ, ಮಾತು ತೊದಲಿದ್ರೆ, ನೇರ ನಡೆಯೋಕಾಗ್ದೆ ಇದ್ರೆ, ಕೂತಲ್ಲೇ ಉಸಿರು ಸಿಗ್ದೆ ಇದ್ರೆ, ತಕ್ಷಣ ಕೆಳಗೆ, ಬೆಳಗಾಗ್ಲಿ ಅಂತ ಕಾಯೋದು ಬೇಡ. ಎತ್ತರದ ಕಾಯಿಲೆ ತಡೆಯೋ ಡೈಮಾಕ್ಸ್ ಮಾತ್ರೆ ಬೇಕಾ ಬೇಡ್ವಾ ಡಾಕ್ಟರನ್ನ ಕೇಳಿ, ಫ್ರೆಂಡ್ ಹತ್ರ ಉಳಿದಿದ್ದನ್ನ ನುಂಗ್ಬೇಡಿ. ನೀರಿನ ಚೀಲದ ಪೈಪಿಂದ ಕುಡಿದ್ಮೇಲೆ ಬಾಯಲ್ಲಿ ಊದಿ ನೀರನ್ನ ವಾಪಸ್ ಆ ಚೀಲಕ್ಕೇ ತಳ್ಳಿ, ಇಲ್ಲಾಂದ್ರೆ ಪೈಪಲ್ಲೇ ಗಡ್ಡೆ ಕಟ್ಟುತ್ತೆ, ನನಗಾಗಿದೆ, ಆರು ಗಂಟೆ ಬಾಯಾರ್ಕೊಂಡೇ ನಡೆದೆ.

ಎಷ್ಟು ಗಂಟೆಗೆ ವಾಪಸ್ ತಿರುಗೋದು ಅಂತ ಕೆಳಗೇ ನಿರ್ಧಾರ ಮಾಡಿ ಬರೆದಿಟ್ಕೊಳ್ಳಿ. 1870ರ ಆಗಸ್ಟಲ್ಲಿ ಸ್ಟೀವನ್ಸ್ ಮತ್ತೆ ವ್ಯಾನ್ ಟ್ರಂಪ್ ಈ ಬೆಟ್ಟ ಹತ್ತಿದಾಗ ತುದಿ ಮುಟ್ಟೋಷ್ಟರಲ್ಲಿ ಸಂಜೆ, ಇಳಿಯೋಕಾಗ್ದೆ ರಾತ್ರಿಯೆಲ್ಲಾ ಕ್ರೇಟರಲ್ಲಿ ಜ್ವಾಲಾಮುಖಿ ಹಬೆ ಬರೋ ಐಸ್ ಗುಹೇಲಿ ಕೂತಿದ್ರು. ನಿಮಗೆ ಗುಹೆ ಸಿಗುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. ಬಿಸಿಲೇರಿದ್ರೆ ಸ್ನೋ ಬ್ರಿಡ್ಜ್ ಮೆತ್ತಗಾಗುತ್ತೆ, ಕಲ್ಲು ಉದುರುತ್ತೆ, ಅದಕ್ಕೇ ನಡುರಾತ್ರಿ ಹೊರಡೋದು. ಇಂಗ್ರಹಾಂ ಐಸ್‌ಫಾಲ್ (ಗ್ಲೇಸಿಯರ್ ಕಡಿದಾದ ಜಾಗದಲ್ಲಿ ಒಡೆದು ನಿಂತಿರೋ ಐಸ್ ಬಂಡೆಗಳು) ಕೆಳಗೆ ಫೋಟೋಗೆ ಅಂತ ನಿಲ್ಲಲೇಬೇಡಿ, 1981ರಲ್ಲಿ ಅಲ್ಲಿ ಐಸ್ ಕುಸಿದು 11 ಜನ ಹೋದ್ರು.

ಆಗಸ್ಟಲ್ಲೇ ಏನಾದ್ರೂ ದೊಡ್ಡದು ಹತ್ಬೇಕು ಅಂದ್ರೆ ಅದೇ ರಾಜ್ಯದ ಮೌಂಟ್ ಆಡಮ್ಸ್ ಇದೆಯಲ್ಲ. 12,276 ಅಡಿ, ದಕ್ಷಿಣದ ಕಡೆಯಿಂದ ಮಾಮೂಲಿ ದಾರೀಲಿ ಕ್ರೆವಾಸ್ ಕಾಟ ಇಲ್ಲ, ಏರು ಸುಮಾರು 6,700 ಅಡಿ. ಸೀಸನ್ ಕೊನೇಲಿ ಜಲ್ಲಿಕಲ್ಲು ಜಾಸ್ತಿ, ಬೇಜಾರಾಗುತ್ತೆ, ಪೈಕರ್ಸ್ ಪೀಕ್ ಮುಟ್ಟಿ ಇದೇ ತುದಿ ಅಂತ ಕುಣಿಯೋಕೆ ಶುರು ಮಾಡಿದ್ಮೇಲೆ ನಿಜವಾದ ತುದಿ ಆಚೆ ಕಾಣಿಸುತ್ತೆ.

ಮಂಜು_ಮುಟ್ಟದವ:

ಅಕ್ಕಾ, ಬೂಟ್ ಸರ್, ಧಾರವಾಡ ಸರ್, ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮೂವರೂ ಕೂತು ಜಗಳ ಆಡಿದ್ವಿ. ಒಬ್ಬ ಇನ್ನೂ ರೇನಿಯರ್ ಅಂತಿದಾನೆ, ಅವನಿಗೆ ಮೂರನೇ ಮಹಡಿಯಿಂದ ಹಗ್ಗದಲ್ಲಿ ನೀರಿನ ಕ್ಯಾನ್ ಎಳೆಯೋ ಅಂದೆ, ಒಂದೇ ಕ್ಯಾನಿಗೆ ಕೈ ಕೆಂಪಾಗಿ ಸುಮ್ಮನಾದ. ಈ ಆಗಸ್ಟ್ ಆಡಮ್ಸ್, ರೇನಿಯರ್ ಮುಂದಿನ ವರ್ಷ ಜೂನ್ ಕೊನೆಗೆ ಗೈಡ್ ಜೊತೆ. ಬೂಟ್ ಈ ಶನಿವಾರ ತಗೋತೀನಿ, ಮನೇಲೇ ಹಾಕ್ಕೊಂಡು ಓಡಾಡ್ತೀನಿ.

ಒಂದು ನಾಚಿಕೆ ಪ್ರಶ್ನೆ, ರೇನಿಯರಲ್ಲಿ ನೀಲಿ ಚೀಲ ಕೊಡ್ತಾರೆ, ಕಕ್ಕಸು ಅದರಲ್ಲೇ, ಕೆಳಗೆ ನಾವೇ ಹೊತ್ಕೊಂಡು ಬರ್ಬೇಕು ಅಂತಾರಲ್ಲ, ನಿಜಾನಾ?

ಹಳೇ_ಬೂಟು:

ನೂರಕ್ಕೆ ನೂರು ನಿಜ. ಮ್ಯೂರಲ್ಲಿ ಟಾಯ್ಲೆಟ್ ಇದೆ, ಅದರ ಮೇಲಕ್ಕೆ ಚೀಲಾನೇ. ಬ್ಯಾಗಿನ ಹೊರಗಡೆ ಪಾಕೆಟಲ್ಲಿ ಇಡಿ, ಊಟದ ಜೊತೆ ಬೇಡ, ಮತ್ತೆ ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ನೋಡ್ಕೊಂಡು ಕೂರಿ.